ಎರಡು ಮನೆ, ಒಂದು ಲೈನು

ಒಂಬತ್ತು ವರ್ಷ ಕಾದ ಮೇಲೆ ನಮ್ಮ ಮನೆಗೆ ಫೋನು ಬಂತು. ಅರ್ಜಿ ಹಾಕಿದಾಗ ನಾನಿನ್ನೂ ಶಾಲೆಗೇ ಸೇರಿರಲಿಲ್ಲ. ಫೋನು ಬಂದಾಗ ಹೈಸ್ಕೂಲಿನ ಎರಡನೇ ವರ್ಷ ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ. ಬೆರಳು ತೂರಿಸಿ ತಿರುಗಿಸುವ ಕೆಂಪು ಫೋನು ಅದು. ಅಮ್ಮ ಅದಕ್ಕೆ ಕ್ರೋಶಾ ಹಾಕಿದ ಬಟ್ಟೆ ಹೊದಿಸಿ ಬಾಲಯೇಸುವಿನ ಮೂರ್ತಿಯ ಪಕ್ಕದಲ್ಲೇ ಕೂರಿಸಿದಳು. ಮೊದಲ ವಾರವಂತೂ ಅದಕ್ಕೂ ಒಂದು ಮೇಣದಬತ್ತಿ ಹಚ್ಚಿಬಿಡುತ್ತಾಳೇನೋ ಎಂದುಕೊಂಡಿದ್ದೆ.

ಆದರೆ ಆ ಫೋನು ಪೂರ್ತಿ ನಮ್ಮದಲ್ಲ. ಆಗೆಲ್ಲ ಲೈನು ಕಡಿಮೆ, ಕಾಯುವವರು ಜಾಸ್ತಿ. ಹಾಗಾಗಿ ಕಂಪನಿಯವರು ಒಂದೇ ಲೈನನ್ನು ಎರಡು ಮನೆಗೆ ಹಂಚಿಬಿಡುತ್ತಿದ್ದರು. ಇನ್ನೊಂದು ಮನೆ ಯಾರದು ಎಂದು ಮಾತ್ರ ಹೇಳುತ್ತಿರಲಿಲ್ಲ. ಅವರು ಮಾತಾಡುತ್ತಿದ್ದರೆ ನಾವು ಕಾಯಬೇಕು, ನಾವು ಮಾತಾಡುತ್ತಿದ್ದರೆ ಅವರು. ನಡುವೆ ರಿಸೀವರ್ ಎತ್ತಿದರೆ ಅವರ ಹರಟೆ ನಮಗೆ ಕೇಳುತ್ತಿತ್ತು, ನಮ್ಮ ಬೈಗುಳ ಅವರಿಗೆ ಕೇಳುತ್ತಿತ್ತು.

ನನಗೆ ಆ ಬೇಸಿಗೆಯಲ್ಲಿ ಈ ಭೂಮಿಯ ಮೇಲೆ ಬೇಕಾಗಿದ್ದುದು ಒಂದೇ: ಅಲುಲೋದ್ ತಂಡದ ಕೊನೆಯ ಕಾರ್ಯಕ್ರಮದ ಟಿಕೆಟ್ಟು. ನಾಲ್ಕು ಜನ ಉದ್ದಕೂದಲಿನ ಹುಡುಗರ ಬ್ಯಾಂಡು ಅದು. ಅವರ ಕ್ಯಾಸೆಟ್ಟನ್ನು ನಾನು ಎಷ್ಟು ಸಲ ತಿರುವಿಹಾಕಿದ್ದೆನೆಂದರೆ ಟೇಪು ಸಡಿಲಾಗಿ ದಿನಕ್ಕೊಮ್ಮೆ ಪೆನ್ಸಿಲ್ ತೂರಿಸಿ ಸುತ್ತಬೇಕಾಗುತ್ತಿತ್ತು. ಗಿಟಾರಿನ ಚಿತೋಗೆ ಸರಕು ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ಜೂನಿನಲ್ಲಿ ಅವನು ಹಡಗು ಹತ್ತುವವನಿದ್ದ, ಅಲ್ಲಿಗೆ ತಂಡವೂ ಮುಗಿಯಿತು. ಕೊನೆಯ ಸಲ ಕುಬಾವೋ ಪೇಟೆಯಲ್ಲಿ ಹಾಡುತ್ತಾರೆ ಎಂದು ರೇಡಿಯೋದಲ್ಲಿ ಕೇಳಿದ ದಿನ ನಾನು ಊಟ ಬಿಟ್ಟೆ. ಅಮ್ಮ ಹೊಟ್ಟೆಹುಳುವಿನ ಮಾತ್ರೆ ಕೊಟ್ಟಳು.

ಟಿಕೆಟ್ಟು ಕೊಳ್ಳುವ ಮಾತನ್ನು ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ನಮ್ಮ ಮರಿಕಿನಾ ಬೂಟಿನ ಊರು. ಜೂನಿನಲ್ಲಿ ಶಾಲೆ ಶುರುವಾಗುವುದರಿಂದ ಮೇ ತಿಂಗಳಿಡೀ ಮನೆಮನೆಯಲ್ಲೂ ಅಂಟಿನ ವಾಸನೆ, ಸುತ್ತಿಗೆಯ ಸದ್ದು. ಅಮ್ಮ ಮತ್ತು ಅಣ್ಣ ದಿಂದೋ ಊಟಕ್ಕೂ ಏಳದೆ ಶಾಲೆಯ ಕರಿ ಬೂಟು ಹೊಲಿಯುವ ಕಾಲ ಅದು. ಆದರೆ ದೇವರು ಕಣ್ಣುಬಿಟ್ಟಿದ್ದ. ರೇಡಿಯೋದವರು ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಅಲುಲೋದ್‌ನ ಎರಡು ಹಾಡು ಬೆನ್ನುಬೆನ್ನಿಗೆ ಹಾಕುತ್ತಿದ್ದರು. ಎರಡನೆಯದು ಮುಗಿದ ಕೂಡಲೇ ಫೋನು ಮಾಡಿದವರಲ್ಲಿ ಏಳನೆಯವರಿಗೆ ಒಂದು ಪ್ರಶ್ನೆ. ಸರಿಯಾಗಿ ಹೇಳಿದರೆ ಎರಡು ಟಿಕೆಟ್ಟು ಪುಕ್ಕಟೆ.

ಮೊದಲ ದಿನ ರಿಸೀವರ್ ಎತ್ತಿದೆ. ಒಳಗೆ ಒಂದು ಮುದಿ ಹೆಂಗಸು ಮಾತಾಡುತ್ತಿದ್ದಳು.

"ಆ ಡ್ರೈವರ್ರೇ ಅವಳ ನಿಜವಾದ ಅಪ್ಪ ಕಣೇ ಪೂರಿಂಗ್! ನಾನು ಅವತ್ತೇ ಹೇಳಿದ್ನಾ ಇಲ್ವಾ?"

"ಹಲೋ, ಸ್ವಲ್ಪ ಲೈನು ಬಿಡ್ತೀರಾ?" ಎಂದೆ. "ಅರ್ಜೆಂಟಿದೆ."

"ಯಾರದಾದ್ರೂ ಉಸಿರು ಹೋಗ್ತಿದ್ಯೇನೇ?"

"ಇಲ್ಲ, ಆದ್ರೆ..."

"ಹಂಗಾದ್ರೆ ಅರ್ಜೆಂಟಲ್ಲ ಬಿಡು. ಹ್ಞೂಂ ಪೂರಿಂಗ್, ಅತ್ತೆ ಏನಂದ್ಲು ಆಮೇಲೆ?"

ನನ್ನ ಮೈಯೆಲ್ಲ ಉರಿದುಹೋಯಿತು. ಅವಳು ನೋಡುತ್ತಿದ್ದ ಧಾರಾವಾಹಿ ಮೂರಕ್ಕೆ ಸರಿಯಾಗಿ ಮುಗಿಯುತ್ತಿತ್ತು. ಮುಗಿದ ತಕ್ಷಣ ಆ ಪೂರಿಂಗ್ ಎಂಬವಳಿಗೆ ಫೋನು. ಇಬ್ಬರೂ ಅದೇ ಕಂತನ್ನು ನೋಡಿರುತ್ತಿದ್ದರು. ಆದರೂ ಮೊದಲಿನಿಂದ ಕೊನೆಯವರೆಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು! ಹೀಗೇ ವಾರವಾಯಿತು, ಎರಡನೇ ವಾರವೂ ಅರ್ಧ ಕಳೆಯಿತು. ಬೇಡಿಕೊಂಡೆ, ಗದರಿದೆ, ರಿಸೀವರ್‌ಗೆ ಬಾಯಿಟ್ಟು ನಾಯಿಯಂತೆ ಬೊಗಳಿಯೂ ನೋಡಿದೆ.

"ನಿಮ್ಮ ಹೀರೋಯಿನ್ ನಾಳೆ ಸತ್ತೇಹೋಗ್ತಾಳೆ, ನೋಡ್ತಾ ಇರಿ!" ಎಂದು ಒಂದು ದಿನ ಕಿರುಚಿದೆ.

"ನಿನ್ನ ಬಾಯಿಗೆ ಒಣಮೀನು ತುರುಕ! ಯಾವ ಮನೆ ಹುಡುಗಿಯೇ ನೀನು? ದೊಡ್ಡೋರು ಚಿಕ್ಕೋರು ಅನ್ನೋದಿಲ್ವಾ?"

ಆಗಲೇ ಅವಳ ಹಿಂದೆ ಒಂದು ಹುಂಜ ಕೂಗಿತು. ನನ್ನ ಎಡಗಿವಿಗೆ ಅದು ಫೋನಿನಲ್ಲಿ ಕೇಳಿತು. ಬಲಗಿವಿಗೆ ನಮ್ಮ ಅಡುಗೆಮನೆಯ ಹಿಂದಿನ ಗೋಡೆಯಾಚೆಯಿಂದ ಕೇಳಿತು.

ನಾನು ಫೋನನ್ನು ಎತ್ತಿಕೊಂಡೇ ಅಡುಗೆಮನೆಗೆ ಓಡಿದೆ. ತಂತಿ ಸಾಲದೆ ರಿಸೀವರನ್ನು ಮಾತ್ರ ಎಳೆದುಕೊಂಡು ಹಿಂಬಾಗಿಲಿನ ಪಕ್ಕದ ನೀರಿನ ಡ್ರಮ್ಮಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿದೆ. ಆಚೆ ಬೀದಿಯ ಮನೆಯ ಹಿತ್ತಲು ಅದು. ಪೇರಲೆ ಗಿಡಕ್ಕೆ ಕಟ್ಟಿದ ಕೆಂಪು ಹುಂಜ. ಕಿಟಕಿಯೊಳಗೆ ಹೂವಿನ ನೈಟಿ, ತಲೆತುಂಬ ಕೂದಲು ಗುಂಗುರು ಮಾಡುವ ಪ್ಲಾಸ್ಟಿಕ್ ಸುರುಳಿಗಳು, ಕಿವಿಗೆ ಫೋನು.

"ನೀವಾ?" ಎಂದೆ.

"ನೀನಾ?" ಎಂದಳು. ಎರಡೂ ಮಾತು ಫೋನಿನಲ್ಲೂ ಕೇಳಿದವು. ಆಚೆ ಪೂರಿಂಗ್ ಪಾಪ, "ಯಾರು? ಯಾರದು?" ಎಂದು ಬಡಬಡಿಸುತ್ತಲೇ ಇದ್ದಳು.

ನಾನು ವಾಂಜಿ, ಅವಳ ಹೆಸರು ಚೋಲೆಂಗ್. ನಮ್ಮಲ್ಲಿ ಅಜ್ಜಿಯಂದಿರನ್ನು ಲೋಲಾ ಅನ್ನುತ್ತೇವೆ, ಹಾಗಾಗಿ ಲೋಲಾ ಚೋಲೆಂಗ್. ಗೋಡೆಯ ಹತ್ತಿರ ಬಂದು ನನ್ನನ್ನು ತಲೆಯಿಂದ ಗಲ್ಲದವರೆಗೆ ನೋಡಿದಳು. ಗೋಡೆಯ ಮೇಲೆ ನನ್ನದು ಅಷ್ಟೇ ಕಾಣುತ್ತಿತ್ತು.

"ಮಧ್ಯಾಹ್ನಕ್ಕೊಂದ್ಸಲ ದೆವ್ವ ಬಂದಂಗೆ ಆಡ್ತೀಯಲ್ಲ, ಏನೇ ಅಂಥ ಅರ್ಜೆಂಟು ನಿಂದು?"

ಹೇಳಿದರೆ ನಗುತ್ತಾಳೆ ಅಂದುಕೊಂಡೇ ಹೇಳಿದೆ. ಚಿತೋನ ಹಡಗಿನ ಕತೆಯೂ ಬಂತು, ಸ್ವಲ್ಪ ಅಳುವೂ ಬಂತು. ಅವಳು ನಗಲಿಲ್ಲ.

"ಅಯ್ಯೋ ಮಂಕೇ, ಟಿಕೆಟ್ಟಿನ ವಿಷಯ ಅಂತ ಮೊದ್ಲೇ ಬೊಗಳೋಕೇನಾಗಿತ್ತು? ನಾಯಿ ಥರ ಬೊಗಳಿದ್ಯಲ್ಲ, ಅದರ ಬದ್ಲು?"

ಒಳಗೆ ಹೋಗಿ ಒಂದು ಕಪ್ಪು ಕೊಡೆ ತಂದಳು. ಅದರ ನಡುವಿನ ಕೋಲು ಸೊಟ್ಟಗಾಗಿತ್ತು.

"ಇದು ನೋಡು. ನಮ್ಮ ಕಾಲದಲ್ಲಿ ಇಬ್ರು ನಟಿಯರು. ನಾನು ನನ್ನ ರಾಣಿ ಕಡೆ, ಪಕ್ಕದ ಬೀದಿಯೋರೆಲ್ಲ ಇನ್ನೊಬ್ಬಳ ಕಡೆ. ಸಿನಿಮಾ ಬಿಡುಗಡೆಗೆ ಹಿಂದಿನ ದಿನವೇ ಹೋಗಿ ಫುಟ್‌ಪಾತಲ್ಲಿ ಮಲಗ್ತಿದ್ವಿ. ಒಬ್ಬಳು ನನ್ನ ರಾಣಿ ಮೂಗು ಮೊಂಡು ಅಂದ್ಲು. ಆಮೇಲೆ ಕೊಡೆ ಹಿಂಗಾಯ್ತು."

"ಮೂಗು ನಿಜವಾಗ್ಲೂ ಮೊಂಡಿತ್ತಾ ಲೋಲಾ?"

"ಸ್ವಲ್ಪ," ಎಂದು ಪಿಸುಗುಟ್ಟಿದಳು. "ಆದ್ರೆ ಅವಳಿಗ್ಯಾಕೆ ಹೇಳ್ಬೇಕು?"

ಅವತ್ತಿನಿಂದ ಮೂರು ಗಂಟೆಗೆ ಲೈನು ನನ್ನದಾಯಿತು. ಪೂರಿಂಗ್‌ಗೆ ಕಾಯುವ ಶಿಕ್ಷೆ. ಆದರೂ ಟಿಕೆಟ್ಟು ಸಿಗಲಿಲ್ಲ. ನನ್ನ ಕೆಂಪು ಫೋನಿನಲ್ಲಿ ಒಂದೊಂದು ಅಂಕೆಯನ್ನೂ ಪೂರ್ತಿ ತಿರುಗಿಸಿ, ಚಕ್ರ ಗರಗರ ಎಂದು ಹಿಂದೆ ಬರುವವರೆಗೆ ಕಾಯಬೇಕು. ನಾನು ಅರ್ಧ ನಂಬರು ತಿರುಗಿಸುವಷ್ಟರಲ್ಲಿ ರೇಡಿಯೋದಲ್ಲಿ ಇನ್ಯಾವಳೋ ಕಿರುಚುತ್ತಿದ್ದಳು. ದಿನಾ ಹೀಗೇ. ಕೊನೆಗೆ ಉಳಿದದ್ದು ಒಂದೇ ಮಧ್ಯಾಹ್ನ.

ಆ ಬೆಳಿಗ್ಗೆ ನಾನು ಡ್ರಮ್ಮಿನ ಮೇಲೆ ಕೂತು ಸಿಗಡಿ ಗೊಜ್ಜು ಅದ್ದಿಕೊಂಡು ಮಾವಿನಕಾಯಿ ತಿನ್ನುತ್ತಾ ಅಳುತ್ತಿದ್ದೆ. ಲೋಲಾ ಗೋಡೆಯಾಚೆ ಬಟ್ಟೆ ಹರವುತ್ತಿದ್ದವಳು ಥಟ್ಟನೆ ನಿಂತಳು.

"ವಾಂಜಿ! ನನ್ನ ಫೋನು ಜೆಡ್ಡಾದಿಂದ ಮಗಳು ಕಳಿಸಿದ್ದು. ಒತ್ತೋ ಫೋನು. ಒಂದು ಗುಂಡಿ ಒತ್ತಿದ್ರೆ ಹಿಂದಿನ ನಂಬರ್ರು ತಾನೇ ಹೋಗತ್ತೆ."

"ಹಾಗಾದ್ರೆ ನಿಮ್ಮನೆಗೆ ಬರ್ತೀನಿ!"

"ಯಾತಕ್ಕೆ ಬರ್ತೀಯ? ಇಬ್ಬರದೂ ಒಂದೇ ಲೈನಲ್ವೇನೇ? ನಾನು ಒತ್ತುತ್ತಾ ಹೋಗ್ತೀನಿ. ನೀನು ಅಲ್ಲಿ ರಿಸೀವರ್ ಹಿಡ್ಕೊಂಡು ಕೂತಿರು. ಸಿಕ್ಕಿದ ತಕ್ಷಣ ಉತ್ತರ ಹೇಳು. ನಿನ್ನ ಹುಡುಗರ ವಿಷಯ ನಂಗೇನು ಗೊತ್ತು?"

ನಾನು ಮಾವಿನಕಾಯಿ ಬಿಸಾಕಿದೆ. ಬೇಸಿಗೆಯಿಡೀ ಶಪಿಸಿದ್ದ ಲೈನು ಕ್ಷಣಮಾತ್ರದಲ್ಲಿ ನನ್ನ ಕಣ್ಣಿಗೆ ಚಿನ್ನದ ಸರವಾಗಿ ಕಂಡಿತು.

ಮೂರು ದಾಟಿ ಎರಡನೇ ಹಾಡಿನ ಕೊನೆಯ ಡ್ರಮ್ಮಿನ ಏಟು ಬಿತ್ತು. "ಈಗ!" ಎಂದು ಗೋಡೆಯ ಮೇಲಿನಿಂದ ಕಿರುಚಿ ಫೋನಿಗೆ ಹಾರಿದೆ. ಕಿವಿಯಲ್ಲಿ ಎಂಗೇಜ್ ಸದ್ದು, ಲೋಲಾಳ ಗೊಣಗಾಟ. ಇಬ್ಬರೂ ಕಟ್, ಅವಳು ಮತ್ತೆ ಒತ್ತು. ಎಂಗೇಜ್. "ಹಾಳಾದೋನು ಎತ್ತಬಾರ್ದಾ," ಕಟ್, ಒತ್ತು. ರೇಡಿಯೋದಲ್ಲಿ ಡೀಜೆ ಎಣಿಸುತ್ತಿದ್ದ: ನೀವು ನಾಲ್ಕನೆಯವರು, ಬೈ! ನೀವು ಐದು, ಸಾರಿ! ಆಮೇಲೆ ರಿಂಗ್. ಒಂದು ರಿಂಗ್. ಇನ್ನೊಂದು.

"ಏಳನೆಯವರು! ಹಲೋ, ಯಾರು ಮಾತಾಡ್ತಿರೋದು?"

"ವಾಂಜಿ," ಎಂದೆ ನಾನು. "ಚೋಲೆಂಗ್," ಎಂದಳು ಲೋಲಾ. ಒಟ್ಟಿಗೇ.

"ವಾಂಜಿ ಚೋಲೆಂಗ್! ಚೆನ್ನಾಗಿದೆ ಹೆಸರು! ಪ್ರಶ್ನೆ ಇದು. ಈಗಷ್ಟೇ ಕೇಳಿದ ಹಾಡಿನ ಕೊನೇ ಚರಣ ಹಾಡಿ ತೋರಿಸಿ!"

ಆ ಚರಣ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಬಾಯಿ ತೆರೆದೆ. ಅಳು ಬಂತು. ಅಳು ಮಾತ್ರವೇ ಬಂತು! ಮೂಗು ಸೋರಿ, ದನಿಯೆಂಬುದೇ ಇಲ್ಲ. ಅಮ್ಮ ಬೂಟು ಹೊಲಿಯುತ್ತಿದ್ದ ಕೋಣೆಯ ರೇಡಿಯೋದಲ್ಲಿ ನನ್ನದೇ ಬಿಕ್ಕಳಿಕೆ ನನಗೆ ಕೇಳಿಸಿತು. ಸುತ್ತಿಗೆಗಳೆಲ್ಲ ನಿಂತಿದ್ದವು.

"ಐದು ಸೆಕೆಂಡು ಇದೆ ವಾಂಜಿ," ಎಂದ ಡೀಜೆ.

"ಹಾಡೇ ಮಂಕೇ!" ಎಂದಳು ಲೋಲಾ. ನಾನು ಇನ್ನೂ ಜೋರಾಗಿ ಅತ್ತೆ.

ಆಗ ಲೋಲಾ ಹಾಡಿದಳು. ಅಲುಲೋದ್‌ನವರು ಕುಣಿಯುತ್ತಾ ಅರಚುವ ಆ ಚರಣವನ್ನು ಅವಳು ಹಳೇ ಸಿನಿಮಾದ ವಿರಹಗೀತೆಯ ಹಾಗೆ ಎಳೆದೆಳೆದು, ಗಂಟಲು ನಡುಗಿಸಿ ಹಾಡಿದಳು. ಒಂದು ಪದ ತಪ್ಪಲಿಲ್ಲ. ಕೊನೆಯಲ್ಲಿ ಚಿತೋ ಕೂಗುವ "ಹೇ!" ಕೂಡ ಬಿಡಲಿಲ್ಲ. ಹಿಂದಿನಿಂದ ಹುಂಜವೂ ಸೇರಿಕೊಂಡಿತು.

ಡೀಜೆ ಕೇಳಿದ: "ನಿಮಗೆ... ವಯಸ್ಸೆಷ್ಟಮ್ಮಾ?"

"ಅರವತ್ತೇಳು. ಟಿಕೆಟ್ಟು ಕೊಡ್ತೀಯೋ ಇಲ್ವೋ?"

"ಕೊಟ್ಟೆ! ಕೊಟ್ಟೆ ಕಣಮ್ಮಾ!"

ಬೀದಿಯಿಡೀ ಹೋ ಎಂದು ಕೂಗಿತು. ದಿಂದೋ ಅಂಟು ಮೆತ್ತಿದ ಕೈಯಲ್ಲೇ ನನ್ನನ್ನು ಎತ್ತಿ ತಿರುಗಿಸಿದ. ನನ್ನ ಕೂದಲು ಅವನ ಅಂಗಿಗೆ ಅಂಟಿಕೊಂಡಿತು. ನಾನು ಡ್ರಮ್ಮು ಹತ್ತಿ ಗೋಡೆಯಾಚೆ ಬಗ್ಗಿದೆ.

"ನಿಮಗೆ ಹೆಂಗೆ ಬಂತು ಲೋಲಾ?"

"ಬೆಳಿಗ್ಗೆಯಿಂದ ರಾತ್ರಿ ತನಕ ಅದನ್ನೇ ಹಾಕ್ತೀಯಲ್ಲೇ, ಗೋಡೆಗೇನು ಕಿವುಡಾ?"

ಅಷ್ಟಕ್ಕೇ ಮುಗಿಯಲಿಲ್ಲ. ಅಮ್ಮ ಸೂಜಿ ಕೆಳಗಿಟ್ಟು ಒಂದೇ ಮಾತು ಹೇಳಿದಳು: "ದೊಡ್ಡೋರು ಜೊತೆಗಿಲ್ದೆ ನೀನು ಕುಬಾವೋ ಕಡೆ ತಲೆ ಹಾಕಿಯೂ ಮಲಗಕೂಡ್ದು. ನಂಗೂ ದಿಂದೋಗೂ ಉಸಿರಾಡೋಕೆ ಪುರುಸೊತ್ತಿಲ್ಲ." ಗೆದ್ದ ಟಿಕೆಟ್ಟನ್ನು ಗೋಡೆಗೆ ಅಂಟಿಸಿ ನೋಡುತ್ತಾ ಕೂರಬೇಕೇ?

ಸಂಜೆ ಲೋಲಾ ಚೋಲೆಂಗ್ ಬೀದಿ ಸುತ್ತಿಕೊಂಡು ನಮ್ಮ ಮುಂಬಾಗಿಲಿಗೇ ಬಂದಳು. ಪೌಡರು ಹಚ್ಚಿದ್ದಳು, ಕೈಯಲ್ಲಿ ಆ ಸೊಟ್ಟ ಕೊಡೆ. "ಎರಡನೇ ಟಿಕೆಟ್ಟು ನಂದು. ಹಾಡಿದ್ದು ನಾನು ತಾನೇ?" ಎಂದಳು. ಅಮ್ಮ ಅವಳ ಮುಖ ನೋಡಲಿಲ್ಲ, ಕಾಲು ನೋಡಿದಳು. ನಮ್ಮೂರಿನವರ ಚಾಳಿ ಅದು. ಹರಿದ ರಬ್ಬರ್ ಚಪ್ಪಲಿ.

"ಈ ಚಪ್ಪಲೀಲಿ ನನ್ನ ಮಗಳನ್ನ ಕರ್ಕೊಂಡು ಹೋಗ್ತೀರಾ? ಜನ ಏನಂತಾರೆ? ನಮ್ಮ ಮರ್ಯಾದೆ ಏನಾಗ್ಬೇಕು? ಕಾಲು ಇಲ್ಲಿಡಿ."

ಲೋಲಾಳ ಪಾದ ಎಷ್ಟು ಚಿಕ್ಕದಿತ್ತೆಂದರೆ ಆರನೇ ಕ್ಲಾಸಿನ ಹುಡುಗಿಯರ ಅಳತೆ ಸರಿಯಾಗಿ ಕೂತಿತು. ಹಾಗೆ ನಮ್ಮ ಲೋಲಾ ಪಟ್ಟಿಯಿದ್ದ ಹೊಚ್ಚಹೊಸ ಕರಿ ಶಾಲಾಬೂಟು ತೊಟ್ಟು ರಾಕ್ ಕಾರ್ಯಕ್ರಮಕ್ಕೆ ಬಂದಳು.

ಆ ಸಂಜೆಯ ಬಗ್ಗೆ ಏನು ಹೇಳಲಿ! ದೀಪ ಆರಿ ಚಿತೋನ ಗಿಟಾರು ಶುರುವಾದಾಗ ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ಲೋಲಾ ಕುರ್ಚಿಯ ಮೇಲೆ ನಿಂತು ಕೊಡೆ ಬೀಸುತ್ತಿದ್ದಳು. ಹಿಂದಿನ ಸಾಲಿನ ಕಾಲೇಜು ಹುಡುಗ "ಅಜ್ಜಿ, ಕೂತ್ಕೊಳ್ಳಿ, ಕಾಣ್ತಿಲ್ಲ," ಎಂದದ್ದಕ್ಕೆ "ನೀನೂ ಹತ್ತೋ!" ಎಂದಳು. ಅವನೂ ಹತ್ತಿದ. ಇಡೀ ಸಾಲು ಹತ್ತಿತು. ಮನೆಗೆ ಬರುವ ಜೀಪ್ನಿ ಬಸ್ಸಿನಲ್ಲಿ ಇಬ್ಬರಿಗೂ ದನಿ ಬಿದ್ದುಹೋಗಿತ್ತು. ನನಗೆ ಅಷ್ಟು ಸಂತೋಷ ಅದಕ್ಕೂ ಮುಂಚೆ ಆಗಿರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು, ಚಿತೋ ಹಡಗು ಹತ್ತಿದ. ಮಳೆ ಹಿಡಿದ ಒಂದು ಶನಿವಾರ ಕಂಪನಿಯವರು ಏಣಿ ಹಾಕಿಕೊಂಡು ಬಂದು ಕಂಬದಲ್ಲಿ ಹೊಸ ತಂತಿ ಎಳೆದರು. ಇನ್ನು ಮೇಲೆ ಮನೆಗೊಂದು ಲೈನು. ಬೀದಿಯವರೆಲ್ಲ ಅವರಿಗೆ ತಂಪು ಪಾನೀಯ ತಂದುಕೊಟ್ಟರು, ಅಮ್ಮ ಫೋನಿಗೆ ಹೊಸ ಬಟ್ಟೆ ಹೊದಿಸಿದಳು.

ಮೂರು ಗಂಟೆಗೆ ಸುಮ್ಮನೆ ರಿಸೀವರ್ ಎತ್ತಿದೆ. ಒಳಗೆ ಬರೀ ಡಯಲ್ ಟೋನು. ಡ್ರೈವರ್ ಅಪ್ಪ ಇಲ್ಲ, ಅತ್ತೆ ಇಲ್ಲ, ಹುಂಜವಿಲ್ಲ. ಬೇಸಿಗೆಯಿಡೀ ನಾನು ಬೇಡಿಕೊಂಡದ್ದು ಇದನ್ನೇ. ಈಗ ಅದು ಸಿಕ್ಕಿತ್ತು, ನನಗೆ ತಡೆಯಲಾಗಲಿಲ್ಲ.

ಲೋಲಾ ಬೆಳಿಗ್ಗೆ ಗೋಡೆಯ ಮೇಲಿನಿಂದ ಕೂಗಿ ಹೇಳಿದ್ದ ಹೊಸ ನಂಬರು ತಿರುಗಿಸಿದೆ. ಎಂಗೇಜ್. ಮತ್ತೆ ತಿರುಗಿಸಿದೆ. ಎಂಗೇಜ್. ಬೆರಳು ನೋಯುವವರೆಗೆ ತಿರುಗಿಸಿದೆ, ಎಂಗೇಜ್, ಎಂಗೇಜ್! ಪೂರಿಂಗ್ ಸಿಕ್ಕಿದಳು, ಇನ್ನು ನಾನ್ಯಾಕೆ ಬೇಕು ಅವಳಿಗೆ? ಕಣ್ಣು ತುಂಬಿ ಬಂತು. ರಿಸೀವರನ್ನು ಕುಕ್ಕಿದೆ.

ಕುಕ್ಕಿದ್ದೇ ತಡ, ಫೋನು ಹೊಡೆದುಕೊಂಡಿತು.

"ಯಾರ ಹತ್ರ ಹರಟ್ತಿದ್ದೀಯೇ ಅಷ್ಟೊತ್ತಿಂದ?" ಎಂದು ಲೋಲಾ ಗುಡುಗಿದಳು. "ಆವಾಗಿಂದ ಗುಂಡಿ ಒತ್ತಿ ಒತ್ತಿ ಬೆರಳು ಸವೆದುಹೋಯ್ತು! ಎಂಗೇಜು, ಎಂಗೇಜು!"

"ನಾನು ನಿಮಗೇ ಮಾಡ್ತಿದ್ದೆ ಲೋಲಾ!"

ಹೊರಗೆ ಮಳೆ ಸುರಿಯುತ್ತಿತ್ತು.

"ಪೂರಿಂಗ್ ಎಲ್ಲಿ?" ಎಂದು ಕೇಳಿದೆ.

"ಅವಳಿಗೆ ನಾಲ್ಕು ಗಂಟೆಗೆ ಮಾಡು ಅಂತ ಹೇಳಿದೀನಿ. ಮೂರು ಗಂಟೆ ನಿಂದಲ್ವೇನೇ?" ಎಂದಳು ಲೋಲಾ. "ಸರಿ, ಕೇಳು. ಆ ಡ್ರೈವರ್ ಇದಾನಲ್ಲ, ಅವನು ಅವಳ ಅಪ್ಪನೇ ಅಲ್ವಂತೆ!"