ಬಾಣ ತಿರುಗಿದ ನಕ್ಷೆ

ಊರಿನ ಹೊಸ ಕುಡಿಯುವ ನೀರಿನ ಬಾವಿ ಎಲ್ಲಿ ಎಂದು ಪುರಸಭೆ ಅಂದು ಮಧ್ಯಾಹ್ನ ತೀರ್ಮಾನಿಸುವುದಿತ್ತು. ಕೊರೆಯುವ ಗುತ್ತಿಗೆ ಚಿಕ್ಕಪ್ಪನ ಕಂಪನಿಯದು. ಜಾಗ ತೋರಿಸುವ ನಕ್ಷೆ ಅವನ ಅಣ್ಣನ ಮಗಳದು. ಆ ಕಂಪನಿಯ ಭೂವಿಜ್ಞಾನಿ ಅವಳೇ.

ಅವಳ ಸಾಫ್ಟ್‌ವೇರ್‌ನಲ್ಲಿ ಊರಿನ ಬಾವಿಗಳೆಲ್ಲ ಇದ್ದವು: ಎಲ್ಲಿಯವರೆಗೆ ಜೇಡಿ, ಎಲ್ಲಿಂದ ಮರಳು, ನೀರು ಎಷ್ಟು ಆಳದಲ್ಲಿ. ಅದು ನೆಲವನ್ನು ಕೇಕಿನಂತೆ ಸೀಳಿ ತೋರಿಸುತ್ತಿತ್ತು. ಅಡಿಯ ನೀರು ಎತ್ತರದ ಮಟ್ಟದಿಂದ ತಗ್ಗಿಗೆ ಹರಿಯುವ ದಿಕ್ಕಿಗೆ ನೀಲಿ ಬಾಣ ಎಳೆಯುತ್ತಿತ್ತು. ಆಟದ ಮೈದಾನದಿಂದ ಬಾಣಗಳು ಊರಾಚೆಯ ಕಸದ ರಾಶಿಯತ್ತ ಹೋಗುತ್ತಿದ್ದವು. ಅಂದರೆ ಕಸದ ಕೊಳೆ ಮೈದಾನಕ್ಕೆ ಬಾರದು, ಬಾವಿ ಅಲ್ಲೇ ಕೊರೆಯಬಹುದು. ಚಿಕ್ಕಪ್ಪ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಸುರುಳಿ ಸುತ್ತಿಟ್ಟಿದ್ದ.

ಅವಳಿಗೆ ನೀರಿನ ಮಟ್ಟದ ಒಂದು ಗೆರೆ ಸರಿಬರಲಿಲ್ಲ. ಕಸದ ರಾಶಿ ಪಕ್ಕದ ಬಾವಿಯ ನೀರು ಕಳೆದ ಬೇಸಿಗೆಯಲ್ಲಿ ಒಮ್ಮೆಲೇ ಆಳುದ್ದ ಕುಸಿದಿತ್ತು. ಸುತ್ತಲಿನ ಬಾವಿಗಳ ಮಟ್ಟ ಕದಲಿರಲಿಲ್ಲ. ಸ್ಕೂಟರ್ ಹತ್ತಿ ಹೋಗಿ ನೋಡಿದಳು. ಬಾವಿಯ ಕೊಳವೆ ನೆಲದಿಂದ ಅವಳ ತಲೆಯೆತ್ತರಕ್ಕೆ ನಿಂತಿತ್ತು. ಅಳೆಯುವವನು ಹತ್ತಲೆಂದು ಪಕ್ಕದಲ್ಲೊಂದು ಡ್ರಮ್ಮನ್ನು ಬೋರಲು ಹಾಕಲಾಗಿತ್ತು.

ಕೊಳವೆ ಎತ್ತರಿಸಿದ್ದು ಯಾರೆಂದು ವಾಪಸ್ ಬಂದು ಚಿಕ್ಕಪ್ಪನನ್ನು ಕೇಳಿದಳು.

"ನಾನೇ. ಕಸ ಬಂದು ಮುಚ್ಕೊಳ್ತಿತ್ತು, ಮೇಲೊಂದು ತುಂಡು ಬೆಸುಗೆ ಹಾಕಿಸ್ದೆ. ಅದಕ್ಕೇನೀಗ?"

"ಟೇಪು ಇಳಿಸೋದು ಕೊಳವೆ ಬಾಯಿಂದ, ಚಿಕ್ಕಪ್ಪ. ಬಾಯಿ ಮೇಲೆ ಹೋಯ್ತು, ನೀರು ಇದ್ದಲ್ಲೇ ಇದೆ. ಕಂಪ್ಯೂಟರಿಗೆ ಯಾರೂ ಹೇಳಿಲ್ಲ, ಅದು ನೀರೇ ಕುಸಿದಿದೆ ಅಂದ್ಕೊಂಡಿದೆ."

ಕೊಳವೆಯ ಹೊಸ ಎತ್ತರ ತುಂಬಿಸಿದಳು. ಬಾಣಗಳು ತಿರುಗಿದವು. ಈಗ ಕಸದಿಂದ ನೇರ ಮೈದಾನಕ್ಕೆ.

ಚಿಕ್ಕಪ್ಪ ರೇಗಿದ. ಬೆಳಿಗ್ಗೆ ಒಂದು ನಾಲಿಗೆ, ಈಗೊಂದು ನಾಲಿಗೆ ಇರುವ ಯಂತ್ರವನ್ನು ಹೇಗೆ ನಂಬುವುದೆಂದು ಕೇಳಿದ. ಅಧ್ಯಕ್ಷರಿಗೆ ಮೈದಾನವೇ ಎಂದು ಮಾತು ಕೊಟ್ಟಾಗಿತ್ತು.

"ಮೈದಾನ ಅಂದ್ರೆ ನಾನು ಸಹಿ ಹಾಕಲ್ಲ. ಆ ನೀರು ನಿಮ್ಮನೆ ನಲ್ಲೀಲೂ ಬರುತ್ತೆ. ಚಿಕ್ಕಮ್ಮ ಕಸದ ಟೀ ಮಾಡ್ಕೊಡ್ತಾರೆ, ಕುಡೀರಿ."

ಅವನಿಗೆ ನಗು ಬಂತು, ತಡೆದುಕೊಂಡ. ಮತ್ತೆಲ್ಲಿ ಎಂದು ಕೇಳಿದ. ಗ್ರಂಥಾಲಯದ ಹಿಂದಿನ ಖಾಲಿ ಜಾಗ ತೋರಿಸಿದಳು. ಮರಳಿನ ಪದರ ತೆಳು, ನೀರು ಸ್ವಲ್ಪ ಕಡಿಮೆ. ಆದರೆ ಕಸದ ಕಡೆಯಿಂದ ಒಂದು ಬಾಣವೂ ಅತ್ತ ಬರುತ್ತಿರಲಿಲ್ಲ.

ಸಭೆಯಲ್ಲಿ ಅಧ್ಯಕ್ಷರು, ನಕ್ಷೆ ಯಾಕೆ ಬದಲಾಯಿತೆಂದು ಕೇಳಿದರು. ಚಿಕ್ಕಪ್ಪ ಎದ್ದು ನಿಂತ.

"ಕೊಳವೆ ಎತ್ತರಿಸಿ ಇವಳಿಗೆ ಹೇಳದೇ ಇದ್ದಿದ್ದು ನಾನು. ಮಿಕ್ಕಿದ್ದು ಇವಳ್ನೇ ಕೇಳಿ. ಇವಳು ಬೇಡ ಅಂದ ಕಡೆ ನನ್ನ ಲಾರಿ ಬರಲ್ಲ."

ಅವಳು ಪರದೆಯ ಮೇಲಿನ ನಕ್ಷೆಯಲ್ಲಿ ಕಸದ ರಾಶಿಯ ಜಾಗವನ್ನು ದೊಡ್ಡದು ಮಾಡಿ ವಿವರಿಸತೊಡಗಿದಳು.