ಇಜೇರಿಯಿಂದ ಬಂದ ಗ್ರಾಮೋಫೋನ್ ನಾಯಿ

ಆಳಂದದ ತೊಗರಿ ವ್ಯಾಪಾರಿ ಅಮರನಾಥರಿಗೆ ನಾಯಿ ಕಂಡರೆ ಜೀವವೇ ಹೋಗುತ್ತಿತ್ತು. ಬೀದಿಯಲ್ಲಿ ಒಂದು ಎದುರಾದರೆ ಆಚೆ ಬದಿಗೆ ದಾಟಿಬಿಡುವರು. ಆದರೆ ಮನೆಯ ಪಡಸಾಲೆಯ ಗಾಜಿನ ಕಪಾಟಿನಲ್ಲಿ ಒಂದು ಹಿಂಡು ನಾಯಿ ಇಟ್ಟಿದ್ದರು. ಎಲ್ಲವೂ ಒಂದೇ ನಾಯಿ: ಹಳೇ ಗ್ರಾಮೋಫೋನ್ ಕಂಪನಿಯ ಗುರುತಾದ, ಕತ್ತು ವಾಲಿಸಿ ಹಾಡು ಕೇಳುತ್ತ ಕೂತ ಬಿಳಿ ನಾಯಿ. ಪಿಂಗಾಣಿಯದು, ಹಿತ್ತಾಳೆಯದು, ಉಪ್ಪಿನ ಡಬ್ಬಿಯಾಗಿದ್ದದ್ದು. ಬಂದವರಿಗೆಲ್ಲ ತೋರಿಸಿ, "ಸಂಗೀತಂದ್ರ ನನಗ ಹುಚ್ಚುರಿ" ಎನ್ನುವರು. ಹೆಂಡತಿ ಬಸವೇಶ್ವರಿ ರೊಟ್ಟಿ ಬಡಿಯುತ್ತ ಗುನುಗಿದರೆ ಮಾತ್ರ, "ಏ, ಟಿವಿಯಾಗ ತೊಗರಿ ರೇಟ್ ಹೇಳಾಕತ್ತಾರ, ಸುಮ್ನಿರು" ಎಂದು ಗದರುವರು.

ಜೇವರ್ಗಿಯ ನಿವೃತ್ತ ಇಂಜಿನಿಯರ್ ಕಲ್ಯಾಣಪ್ಪನವರಿಗೂ ಇದೇ ನಾಯಿಯ ಗೀಳು. ಅವರ ಕಪಾಟು ಇವರದಕ್ಕಿಂತ ದೊಡ್ಡದು. ಅದೊಂದು ಅಮರನಾಥರ ನಿದ್ದೆಗೆಡಿಸಿತ್ತು.

ಹೀಗಿರುವಾಗ ಇಜೇರಿಯ ಗುರುಬಾಯಿ ಎಂಬ ಮುದುಕಿಯ ಮನೆಯಲ್ಲಿ ಇದೇ ಬಗೆಯ, ಮೊಣಕಾಲೆತ್ತರದ ಪಿಂಗಾಣಿ ನಾಯಿ ಇರುವುದು ಗೊತ್ತಾಯಿತು. ಅವಳ ಮಾವ ಒಂದು ಕಾಲಕ್ಕೆ ಗ್ರಾಮೋಫೋನ್ ಅಂಗಡಿ ಇಟ್ಟಿದ್ದನಂತೆ. ಅಮರನಾಥರು ಹೋಗಿ ನೋಡಿದರೆ ನಾಯಿ ಮಾಳಿಗೆಯ ಮೇಲೆ, ಒಣಹಾಕಿದ ಹಪ್ಪಳದ ಕಾವಲಿಗೆ ಕೂತಿತ್ತು.

"ಮಂಗ್ಯಾ ಬರಬಾರ್ದಂತ ಇಟ್ಟೇನಿ. ಈಗ ಅವು ಇದರ ತಲಿಮ್ಯಾಲೇ ಕುಂತು ಹಪ್ಪಳ ತಿಂತಾವ," ಎಂದಳು ಗುರುಬಾಯಿ. "ರೊಕ್ಕ ಬ್ಯಾಡ್ರಿ. ಬೊಗಳೋ ನಾಯಿ ಒಂದು ಕೊಡ್ರಿ, ಇದನ್ನ ಒಯ್ರಿ."

ಕರಜಗಿಯ ಬೀಗರ ತೋಟದಲ್ಲಿ ಮರಿ ಸಿಕ್ಕಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸವೇಶ್ವರಿ ಕಾರಿನ ಹಿಂದೆ ಕೂತರು. ಮುಂದೆ ಕೂತ ಅಮರನಾಥರು ಇಜೇರಿ ಮುಟ್ಟುವತನಕ ಹಿಂದಿರುಗಿ ನೋಡಲಿಲ್ಲ.

ಮಾಳಿಗೆಯಿಂದ ಇಳಿಸಿದ ನಾಯಿಯನ್ನು ಅಮರನಾಥರು ಕೂಸಿನಂತೆ ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. ಮರಿ ಬಂದು ಅವರ ಹಿಮ್ಮಡಿ ನೆಕ್ಕಿತು. "ಯಪ್ಪೋ!" ಎಂದು ನೆಗೆದರು. ಕೈಯೊಳಗಿನದು ಹಾಸುಗಲ್ಲಿಗೆ ಬಿದ್ದು ಕಿವಿ, ಮೂತಿ ಚೂರಾದವು.

ಗುರುಬಾಯಿ ಮರಿಯನ್ನೆತ್ತಿ ಹಲ್ಲು ನೋಡಿದಳು. "ಚೊಲೋ ಅದ. ನಿಮ್ಮ ನಾಯಿ ಆಯ್ಕೊಂಡು ಒಯ್ರಿ."

ಟವೆಲಿನಲ್ಲಿ ಕಟ್ಟಿ ತಂದ ಚೂರುಗಳನ್ನು ಅಮರನಾಥರು ಅಂಟು ಹಚ್ಚಿ ಕೂಡಿಸಿದರು. ಕಿವಿ ಸೊಟ್ಟಗಾಯಿತು. ಊಟ ಸೇರದೆ ಕೂತಿದ್ದಾಗಲೇ, ದೊಡ್ಡ ನಾಯಿ ಬಂದ ಸುದ್ದಿ ಕೇಳಿ ಕಲ್ಯಾಣಪ್ಪನವರು ಬಂದಿಳಿದರು. ಕನ್ನಡಕ ಏರಿಸಿ ಬಾಗಿದರು.

"ಕಿವಿ ಯಾಕ್ರಿ ಹಿಂಗ?"

ಅಮರನಾಥರ ಬಾಯಿಂದ ಮಾತು ತಾನಾಗಿ ಬಂತು. "ನಿಜಾಮರ ಕಾಲದ್ದುರಿ ಅದು. ರಜಾಕಾರರು ಅಂಗಡಿಗೆ ನುಗ್ಗಿ ಎಲ್ಲಾ ಒಡದ್ರು. ನಾಯಿ ಒಂದೇ ಉಳೀತು."

ಕಲ್ಯಾಣಪ್ಪನವರು ಚಪ್ಪಲಿ ಕಳಚಿದರು. ಕಣ್ಣು ಒದ್ದೆಯಾದವು. "ನಮ್ಮ ದೊಡ್ಡಪ್ಪನ್ನ ಅದೇ ಗದ್ದಲದಾಗ ಕೊಂದ್ರು. ಆದ್ರ ನೋಡ್ರಿ, ನಮ್ಮ ಮನ್ಯಾಗ ತೋರಿಸಾಕ ಒಂದು ಸಾಮಾನೂ ಉಳದಿಲ್ಲ!"

ಚಹಾ ತಂದ ಬಸವೇಶ್ವರಿ ಕೇಳಿದರು: "ರಜಾಕಾರರು ಹೋದ ಸೋಮವಾರ ಬಂದಿದ್ರೇನ್ರಿ?"

ಅಮರನಾಥರು ಹೆಂಡತಿಯತ್ತ ಕಣ್ಣು ಬಿಟ್ಟರು. ಕಲ್ಯಾಣಪ್ಪನವರಿಗೆ ಕೇಳಿಸಲೇ ಇಲ್ಲ. ಅವರು ಮುರಿದ ಕಿವಿಯನ್ನು ಸವರುತ್ತಿದ್ದರು.

ಮುಂದಿನ ತಿಂಗಳು ಅವರೇ ಅಮರನಾಥರನ್ನು ಜೇವರ್ಗಿಗೆ ಕರೆದರು. ಕಪಾಟಿನ ನಟ್ಟನಡುವೆ, ಬೇರೆಯಾಗಿ ದೀಪ ಹಾಕಿ, ಮೂರು ನಾಯಿ ಕೂಡಿಸಿದ್ದರು. ಒಂದರ ಕಿವಿಯೂ ನೆಟ್ಟಗಿರಲಿಲ್ಲ. ಅಂಟಿನ ವಾಸನೆ ಬಾಗಿಲಿಗೇ ಬಡಿಯುತ್ತಿತ್ತು.

"ದೊಡ್ಡಪ್ಪನವ್ರ ಟ್ರಂಕಿನಾಗ ಸಿಕ್ಕುವು," ಎಂದರು ಕಲ್ಯಾಣಪ್ಪನವರು, ಕಣ್ಣು ತಪ್ಪಿಸದೆ.

ಅಮರನಾಥರಿಗೆ ಬೇರೆ ದಾರಿಯಿರಲಿಲ್ಲ. "ಭಾಳ ಅಪರೂಪದವ್ರಿ," ಎಂದರು. ಕೊಟ್ಟ ಮಂಡಕ್ಕಿ ಸುಸಲಾ ತಿಂದು, ಚಹಾ ಕುಡಿದು, ಆಳಂದದ ತನಕ ಹೊಟ್ಟೆ ಉರಿಸಿಕೊಳ್ಳುತ್ತ ಬಂದರು.