ಕರೆವ್ವನ ಒದ್ದೆ ಅರಿವೆ

"ಮಾರಿ ಮ್ಯಾಲಿನ ಅರಿಬಿ ತಗೀ ಬೋಸುಡಿ! ರಾಶಿ ಮುಂದ ಬಾಯಿ ಕಟ್ಟಿಕೊಂಡ ನಿಂತ್ರ ಲಕ್ಷ್ಮಿ ಓಡಿ ಹೋಗ್ತಾಳ."

ಬೇವಿನ ನೆರಳಿನಿಂದಲೇ ಬೈದವನು ಅಂದಾನಪ್ಪಗೌಡ. ಬೈಸಿಕೊಂಡವಳು ನನ್ನ ಹೆಂಡತಿ ಕರೆವ್ವ. ನಾನು ಎತ್ತರದ ಮೆಟ್ಟಿನ ಮೇಲೆ ನಿಂತು ಜೋಳ ತೂರುತ್ತಿದ್ದೆ. ಅವಳು ಕೆಳಗೆ ಹೊಟ್ಟು ಬಳಿಯುತ್ತಿದ್ದಳು. ನಾನು ತೂರಿದ್ದೆಲ್ಲ ಅವಳ ಮುಖಕ್ಕೇ. ಹೋದ ವರ್ಷ ಇದೇ ಕಣದಲ್ಲಿ, ನನ್ನ ಬುಟ್ಟಿಯಿಂದ ಹಾರಿದ ಹೊಟ್ಟೇ ಅವಳ ಎಡಗಣ್ಣು ತಿಂದಿತು. ಗೌಡನನ್ನು ಶಪಿಸುವಾಗಲೂ ಇದು ನನಗೆ ಮರೆಯುವುದಿಲ್ಲ.

ಗದಗಿನ ಡಾಕ್ಟರು ಹೇಳಿ ಕಳಿಸಿದ್ದರು: ಧೂಳು ಎದ್ದರೆ ಮೂಗು ಬಾಯಿಗೆ ಒದ್ದೆ ಅರಿವೆ ಕಟ್ಟು, ಗಾಳಿಗೆ ಬೆನ್ನು ಕೊಡು, ಕಣ್ಣು ಉಜ್ಜಬೇಡ, ನೀರಿನಿಂದ ತೊಳೆ. ಉಳಿದದ್ದೂ ಹೋದರೆ ಅವಳು ಪೂರಾ ಕುರುಡಿ.

"ಒಂದ ಕಣ್ಣ ಉಳದೈತ್ರಿ ಗೌಡ್ರ," ಎಂದಳು ಕರೆವ್ವ. "ತೆನಿ ತುಳಿಸಿ ಹಂತಿ ಹೊಡಿಯಾಕ ನಿಮ್ಮ ಎತ್ತಿನ ಬಾಯಿ ಕಟ್ಟಿದ್ರಲ್ಲ, ಆಗ ಲಕ್ಷ್ಮಿ ಓಡಲಿಲ್ಲೇನ್ರಿ?"

ಗೌಡ ಎದ್ದು ಬಂದ. "ಸ್ವರಾಜ್ಯ ಬಂದ ಆರ ತಿಂಗಳಾತು, ಕೇರ್ಯಾಗಿನವರಿಗೆ ನಾಲಿಗಿ ಬಂತು!" ನಮ್ಮ ಮಣ್ಣಿನ ಕೊಡವನ್ನು ಒದ್ದ. ನೀರನ್ನೆಲ್ಲ ಎರೆಮಣ್ಣು ಕುಡಿಯಿತು. "ಕುಡಿಯಾಕ ಕೊಟ್ಟ ನೀರಾಗ ಅರಿಬಿ ತೊಯ್ಸತಿ?"

ಮುಟ್ಟಿದರೆ ಮೈಲಿಗೆಯಲ್ಲವೇ, ಬಡಿಗೆಯ ತುದಿಯಿಂದ ಅವಳ ಮುಖದ ಅರಿವೆ ಎಳೆದು ಕೆಡವಿದ.

"ಏನ ನೋಡ್ತಿ ತಿರಕ್ಯಾ? ಗಾಳಿ ಬಂದಾಗ ತೂರಿಕೋಬೇಕಲೇ. ತೂರು!"

ನಾನು ತೂರಿದೆ. ಥೂ, ನನ್ನ ಬಾಳಿಗೆ.

ಅಷ್ಟರಲ್ಲಿ ಮುಳಗುಂದದ ಕಡೆಯಿಂದ ಧೂಳು ಎದ್ದು ಬಂತು. ಹೊಲ ಕಾಣದಾಯಿತು, ಹೊಟ್ಟೆಲ್ಲ ಮುಗಿಲಿಗೇರಿತು, ಉಸಿರಿಗೆಂದು ಬಾಯಿ ತೆರೆದರೆ ಬಾಯಿ ತುಂಬ ಮಣ್ಣು. "ಕರೆವ್ವಾ, ಕಣ್ಣ ಮುಚ್ಚ!" ಎಂದು ಒದರಿ ಮೆಟ್ಟಿನಿಂದ ಜಿಗಿದೆ.

ಅವಳು ಬಿದ್ದ ಅರಿವೆ ಎತ್ತಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ನೆಟ್ಟಗೆ ಬೇವಿನ ಮರಕ್ಕೆ ನಡೆದಳು. ಅಲ್ಲಿ ಗೌಡನ ತಾಮ್ರದ ಕೊಡವಿತ್ತು. ಅದರ ಹತ್ತಿರ ನಮ್ಮ ಕೇರಿಯ ನೆರಳೂ ಸುಳಿದದ್ದಿಲ್ಲ. ಕರೆವ್ವ ಅದರೊಳಗೆ ಕೈ ಇಳಿಸಿ ಅರಿವೆ ಅದ್ದಿದಳು, ಹಿಂಡಿ ಮುಖಕ್ಕೆ ಬಿಗಿದುಕೊಂಡಳು.

"ನಿನ್ನ ರುಮಾಲಾನೂ ಕೊಡ," ಎಂದಳು. ತಲೆಯಿಂದ ಬಿಚ್ಚಿ ಕೊಟ್ಟೆ. ಅದನ್ನೂ ಅದ್ದಿ ನನ್ನ ಬಾಯಿಗೆ ಅವಳೇ ಕಟ್ಟಿದಳು.

ಹಿಂದೆ ಗೌಡ ಮುಗ್ಗರಿಸಿದ. ಕೆಮ್ಮುತ್ತ, ಎರಡೂ ಕೈಯಿಂದ ಕಣ್ಣು ಉಜ್ಜುತ್ತ ಚೀರಿದ: "ನೀರ... ಯಾರರ ನೀರ ಕೊಡ್ರೋ! ಕಣ್ಣ ಹೋದುವು!"

ಕಣದಲ್ಲಿ ನಾವಿಬ್ಬರೇ ಇದ್ದೆವು.

"ಉಜ್ಜಬ್ಯಾಡ್ರಿ ಗೌಡ್ರ," ಎಂದಳು ಕರೆವ್ವ. "ನಿಮ್ಮ ಕೊಡದಾಗ ಇನ್ನೂ ನೀರ ಅದಾವ. ನಮ್ಮ ಅರಿಬಿ ಅದ್ದೀನಿ. ತೊಳಕೋರಿ."

ಗೌಡ ತಡವುತ್ತ ಬಂದ. ಕೊಡದ ಕಂಠ ಬೆರಳಿಗೆ ತಾಗಿತು. ಕೈ ಅಲ್ಲೇ ನಿಂತಿತು. ಅವನ ಎರಡೂ ಕಣ್ಣಿನಿಂದ ಕರಿ ನೀರು ಇಳಿಯುತ್ತಿತ್ತು. ಕರೆವ್ವ ಅರಿವೆಯ ಸಂದಿನಿಂದ ತನ್ನ ಒಂದೇ ಕಣ್ಣು ತೆರೆದು ನೋಡುತ್ತ ನಿಂತಳು.